ಬೆಟ್ಟ ಕಾಣದ ಮಂಗಳತ್ತೆ

ಹೋದ ತಿಂಗಳು ತಂಗಿಯ ಮಗಳ ಮದುವೆಗೆ ಲಗ್ನಪತ್ರಿಕೆ ಆರಿಸಲೆಂದು ಸುಲ್ತಾನ್‌ಪೇಟೆಗೆ ಹೋಗಿದ್ದೆವು. ಅಂಗಡಿಯವರು ತೋರಿಸಿದ ಹೊಸ ಮಾದರಿಗಳು ಯಾವುವೂ ತಂಗಿಗೆ ಹಿಡಿಸಲಿಲ್ಲ. ‘ಹಳೇ ಥರದ್ದು ಇದ್ರೆ ತೋರ್ಸಿ’ ಎಂದಳು. ಅವರು ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ಮುಚ್ಚಳ ತೆಗೆದರು. ಮೊದಲು ನುಸಿಗುಳಿಗೆಯ ವಾಸನೆ ಬಂತು. ಅದರ ಹಿಂದೆಯೇ ಹಳೆಯ ದಪ್ಪ ಕಾಗದದ ವಾಸನೆ, ಆಮೇಲೆ ಒಣಗಿದ ಗೋಂದಿನ ಸಣ್ಣ ಹುಳಿ. ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ‘ಯಾಕಕ್ಕಾ, ತಲೆ ಸುತ್ತುತ್ತಾ?’ ಎಂದಳು ತಂಗಿ. ‘ಏನಿಲ್ಲ, ಸೆಕೆ’ ಎಂದೆ. ಚಾಮರಾಜಪೇಟೆಯ ಆ ಮನೆಯ ಹಿಂದಿನ ಕೋಣೆಯಿಂದ ಈ ವಾಸನೆ ಬರುತ್ತಿದ್ದ ಕಾಲದಲ್ಲಿ ಅವಳಿನ್ನೂ ತೆವಳುವ ಮಗು. ಅವಳಿಗೆ ಅದು ಬರೀ ನುಸಿಗುಳಿಗೆ. ನನಗೆ ಅದು ಮಂಗಳತ್ತೆ.

ನಮ್ಮದು ತಲೆಮಾರುಗಳಿಂದ ಪೇಟೆಯಲ್ಲಿ ವ್ಯಾಪಾರ ಮಾಡಿಕೊಂಡು ಬಂದ ಲಿಂಗಾಯತರ ಮನೆ. ತಾತನ ಕಾಲಾನಂತರ ಅಂಗಡಿಯನ್ನು ನಮ್ಮಪ್ಪ ನೋಡಿಕೊಂಡರು. ದೊಡ್ಡಪ್ಪ ಮಾತ್ರ ಗಲ್ಲಾದ ಮುಂದೆ ಕೂರಲಾರೆ ಎಂದು ಹಟ ಹಿಡಿದು ಓದಿ, ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಲೆಕ್ಚರರ್ ಆಗಿದ್ದರು. ಮದುವೆಯಾದ ಎರಡನೆಯ ವರ್ಷಕ್ಕೇ ದೊಡ್ಡಮ್ಮ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ನಾನು, ಪುಟ್ಟ ತಂಗಿ, ಮತ್ತೆ ಅಪ್ಪ-ದೊಡ್ಡಪ್ಪಂದಿರ ಕೊನೆಯ ತಂಗಿ ಸರ್ವಮಂಗಳ, ನನ್ನ ಮಂಗಳತ್ತೆ. ತಾತ ಹೋದ ವರ್ಷವೇ ಅತ್ತೆಯ ಓದು ಪಿಯುಸಿಗೆ ನಿಂತಿತ್ತು. ಬಂದ ಎರಡು ಸಂಬಂಧಗಳು ಕೂಡಿಬರದೆ, ಆಮೇಲೆ ಯಾರೂ ಆ ಮಾತನ್ನು ಅಷ್ಟಾಗಿ ಎತ್ತಿರಲಿಲ್ಲ. ಮನೆಯಲ್ಲಿ ಅವಳಿಗೆ ಇಂಥದ್ದೇ ಎಂಬ ಕೆಲಸವಿರಲಿಲ್ಲ. ಅಡುಗೆ ಅಮ್ಮನದು, ಪೂಜೆಯ ಮನೆ ಅಜ್ಜಿಯದು. ಅವಳಿಗೆಂದು ಇದ್ದದ್ದು ಹಿತ್ತಲ ಕಡೆಯ ಆ ಕೋಣೆ ಒಂದೇ. ನಾವು ಅದನ್ನು ಹೂವಿನ ಕೋಣೆ ಅನ್ನುತ್ತಿದ್ದೆವು.

ಮಳೆಗಾಲ ಮುಗಿದು ದಸರಾ ರಜೆ ಬಂತೆಂದರೆ ದೊಡ್ಡಪ್ಪ ಕಾಲೇಜಿನ ಹುಡುಗರನ್ನು ಕಟ್ಟಿಕೊಂಡು ಬೆಟ್ಟಗಳಿಗೆ ಹೊರಡುತ್ತಿದ್ದರು. ಬಾಬಾಬುಡನ್‌ಗಿರಿ, ಕುದುರೆಮುಖ, ಬ್ರಹ್ಮಗಿರಿ, ಬಿಳಿಗಿರಿರಂಗನ ಬೆಟ್ಟ. ಹತ್ತು ಹನ್ನೆರಡು ದಿನದ ಮೇಲೆ ಗಡ್ಡ ಬೆಳೆಸಿಕೊಂಡು, ಕಾಲಿಗೆಲ್ಲ ಜಿಗಣೆ ಕಚ್ಚಿಸಿಕೊಂಡು, ಮರದ ಪಟ್ಟಿಗಳ ನಡುವೆ ಹಗ್ಗ ಬಿಗಿದ ದೊಡ್ಡ ಕಟ್ಟುಗಳೊಡನೆ ಇಳಿಯುತ್ತಿದ್ದರು. ಕಟ್ಟು ಬಿಚ್ಚಿದರೆ ಪದರಪದರವಾಗಿ ಹಳೆಯ ದಿನಪತ್ರಿಕೆ, ಪ್ರತಿ ಪದರದಲ್ಲೂ ಮಲಗಿಸಿದ ಒಂದೊಂದು ಗಿಡ. ಅಲ್ಲಿಂದ ಮುಂದಿನದೆಲ್ಲ ಅತ್ತೆಯ ಕೆಲಸ. ದಿನಾ ತೇವದ ಪತ್ರಿಕೆ ತೆಗೆದು ಒಣಗಿದ್ದು ಹಾಕಬೇಕು. ತೇವದ್ದನ್ನು ನಾನು ತಾರಸಿಗೆ ಒಯ್ದು ಕಲ್ಲು ಹೇರಿ ಒಣಗಿಸುತ್ತಿದ್ದೆ. ಗಿಡ ಪೂರ್ತಿ ಒಣಗಿದ ಮೇಲೆ ಹುಳ ಹಿಡಿಯದಂತೆ ಔಷಧಿ ನೀರಿನಲ್ಲಿ ಅದ್ದಬೇಕು. ಸ್ಪಿರಿಟ್ಟಿನಲ್ಲಿ ಪಾದರಸದ ಯಾವುದೋ ಬಿಳಿ ಪುಡಿಯನ್ನು ಕರಗಿಸಿದ ನೀರು ಅದು. ಪುಡಿಯನ್ನು ದೊಡ್ಡಪ್ಪ ಕಾಲೇಜಿನ ಲ್ಯಾಬಿನಿಂದ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ತರುತ್ತಿದ್ದರು. ಅತ್ತೆ ಅದನ್ನು ಅಗಲವಾದ ಪಿಂಗಾಣಿ ತಟ್ಟೆಗೆ ಸುರಿದುಕೊಂಡು, ಒಂದೊಂದೇ ಗಿಡವನ್ನು ಬರಿಗೈಯಲ್ಲಿ ಮುಳುಗಿಸಿ, ಎತ್ತಿ, ನೀರು ಬಸಿದು, ಮತ್ತೆ ಕಾಗದದ ಮೇಲೆ ಹರಡುತ್ತಿದ್ದಳು. ಅದು ಒಣಗಿದ ಮೇಲೆ ದಪ್ಪ ಹಾಳೆಗೆ ಗೋಂದಿನಿಂದ ಅಂಟಿಸಿ, ಮೂಲೆಗೆ ವಿವರದ ಚೀಟಿ ಹಚ್ಚಿ, ನುಸಿಗುಳಿಗೆ ಹಾಕಿದ ಬೀರುವಿನಲ್ಲಿಡುತ್ತಿದ್ದಳು. ಇಕ್ಕಳ ಇತ್ತು. ಅದರಲ್ಲಿ ಹಿಡಿದರೆ ದಳ ಹರಿಯುತ್ತದೆ ಎಂದು ಪಕ್ಕಕ್ಕಿಟ್ಟಿದ್ದಳು. ನನಗೆ ಮಾತ್ರ ಹೊಸ್ತಿಲು ದಾಟುವ ಅಪ್ಪಣೆ ಇರಲಿಲ್ಲ. ‘ಅಲ್ಲೇ ಕೂತ್ಕೊ, ಒಳಗ್ ಬರ್ಬೇಡ’ ಅನ್ನುತ್ತಿದ್ದಳು. ನಾನು ಹೊಸ್ತಿಲ ಮೇಲೆ ಮೊಣಕಾಲು ಮಡಚಿ ಕೂತು ಸಂಜೆಯವರೆಗೂ ಅವಳನ್ನು ನೋಡುತ್ತಿದ್ದೆ.

ಆ ಹೊಸ್ತಿಲ ಮೇಲೆ ಕೂತೇ ನಾನು ಹೂಗಳ ಹೆಸರು ಕಲಿತದ್ದು. ಅತ್ತೆಗೆ ಆ ಹೆಸರುಗಳು ಬಾಯಿಪಾಠ ಮಾತ್ರವಲ್ಲ, ಪ್ರತಿಯೊಂದೂ ಎಲ್ಲಿಂದ ಬಂತೆಂಬುದು ಗೊತ್ತಿತ್ತು. ದೊಡ್ಡಪ್ಪನ ಪುಸ್ತಕಗಳನ್ನು ಅವಳು ನಿಘಂಟು ಇಟ್ಟುಕೊಂಡು ಓದಿದ್ದಳು. ನಮ್ಮ ಗೌರಿ ಹೂವಿನ ಬಳಗಕ್ಕೆ ಇಂಪೇಷನ್ಸ್ ಎಂದು ಹೆಸರು. ಹಾಗೆಂದರೆ ತಾಳ್ಮೆ ಇಲ್ಲದ್ದು. ಬಲಿತ ಕಾಯನ್ನು ಮುಟ್ಟಿದರೆ ಸಾಕು, ಪಟ್ಟನೆ ಸಿಡಿದು ಬೀಜ ಚೆಲ್ಲುತ್ತದಂತೆ. ಬಂಡೆಯ ಮೇಲಿನ ಪಾಚಿಯಲ್ಲಿ ಬೆಳೆದು ನುಸಿಗಳನ್ನು ಹಿಡಿದು ತಿನ್ನುವ ಕೆಂಪು ಗಿಡ ಡ್ರಾಸೆರಾ. ಗ್ರೀಕಿನಲ್ಲಿ ಇಬ್ಬನಿ ಎಂದರ್ಥ. ಅದರ ಪಕ್ಕದಲ್ಲೇ ನೀಲಿ ಹಾಸಿನಂತೆ ಅರಳುವುದು ಯುಟ್ರಿಕ್ಯುಲೇರಿಯಾ. ಬೇರಿನಲ್ಲಿ ಹುಳ ಹಿಡಿಯಲು ಪುಟಾಣಿ ಚೀಲಗಳಿರುತ್ತವೆ, ಚರ್ಮದ ಸಣ್ಣ ಚೀಲ ಎಂದೇ ಅದರ ಹೆಸರು. ವರ್ಷಗಟ್ಟಲೆ ಸುಮ್ಮನಿದ್ದು ಒಮ್ಮೆಲೇ ಬೆಟ್ಟವನ್ನೆಲ್ಲ ನೀಲಿ ಮಾಡಿ, ಬೀಜ ಕಟ್ಟಿ ಸಾಯುವ ಗುರಿಗೆಗೆ ಸ್ಟ್ರಾಬಿಲಾಂತಿಸ್, ಪೈನ್ ಮರದ ಕಾಯಿಯಂಥ ಹೂವು. ‘ಇದೊಂದು ಹೆಸರು ನೋಡು, ಸೊನೆರಿಲಾ. ಇದು ಗ್ರೀಕೂ ಅಲ್ಲ, ಲ್ಯಾಟಿನ್ನೂ ಅಲ್ಲ. ಮಲೆಯಾಳದ ಜನ ಕರೀತಿದ್ದ ಹೆಸರನ್ನೇ ಬಿಳಿಯರು ಎತ್ಕೊಂಡ್ಬಿಟ್ಟಿದಾರೆ’ ಎಂದು ಒಮ್ಮೆ ನಕ್ಕಿದ್ದಳು. ಇನ್ನು ಕೆಲವಕ್ಕೆ ಮನುಷ್ಯರ ಹೆಸರು. ನೇರಳೆ ಬಣ್ಣದ ಒಂದು ಚೆಲುವಾದ ಹೂವಿಗೆ ಯಾವುದೋ ದೇಶದ ಹಡಗಿನ ಪಾದ್ರಿಯ ಹೆಸರಿತ್ತು. ‘ಹೆಂಗಸರ ಹೆಸರಿನ ಹೂವು ಇಲ್ವಾ ಅತ್ತೆ?’ ಎಂದು ಕೇಳಿದ್ದೆ. ‘ಇವೆ. ಗವರ್ನರುಗಳ ಹೆಂಡ್ತೀರ್ದು’ ಎಂದಳು.

ಅತ್ತೆ ಯಾವ ಬೆಟ್ಟವನ್ನೂ ಹತ್ತಿರಲಿಲ್ಲ. ಬಸವನಗುಡಿಯ ಕಹಳೆ ಬಂಡೆಯೇ ಅವಳು ಏರಿದ ಎತ್ತರ. ಪ್ರತಿ ವರ್ಷವೂ ದೊಡ್ಡಪ್ಪ ಮುಂದಿನ ಸಲ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದರು. ಪ್ರತಿ ವರ್ಷವೂ ಅಜ್ಜಿ, ಅಷ್ಟು ಗಂಡು ಹುಡುಗರ ಮಧ್ಯೆ ಕಾಡಿನಲ್ಲಿ ಇವಳೆಲ್ಲಿ ಮಲಗುತ್ತಾಳೆ ಅನ್ನುತ್ತಿದ್ದರು. ಹಾಗಾಗಿ ಅತ್ತೆ ನೋಡಿದ್ದೆಲ್ಲ ಒಣಗಿ ಕಂದಿದ ಹೂಗಳನ್ನೇ. ಒಣಗಿದ ಹೂವಿನಲ್ಲಿ ಬಣ್ಣ ನಿಲ್ಲುವುದಿಲ್ಲ. ಚೀಟಿ ಬರೆಯುವಾಗ ಅವಳು ದೊಡ್ಡಪ್ಪನನ್ನು ಕೂರಿಸಿಕೊಂಡು ಕೇಳುತ್ತಿದ್ದಳು: ‘ಅಣ್ಣಯ್ಯ, ಇದು ಯಾವ ಬಣ್ಣ ಇತ್ತು?’ ‘ನೇರಳೆ.’ ‘ಎಂಥ ನೇರಳೆ? ಬದನೆಕಾಯಿ ಹೂವಿನ ಥರಾನಾ, ನೇರಳೆ ಹಣ್ಣಿನ ಥರಾನಾ?’ ದೊಡ್ಡಪ್ಪ ಕಣ್ಣು ಮುಚ್ಚಿ ಯೋಚಿಸಿ ಹೇಳುತ್ತಿದ್ದರು. ಅವಳು ಅದನ್ನು ಮುತ್ತಿನಂಥ ದುಂಡಗಿನ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದಳು. ಹೆಸರು, ಊರು, ಎತ್ತರ, ಬಣ್ಣ, ದಿನಾಂಕ, ಕೊನೆಯಲ್ಲಿ ಸಂಗ್ರಹಿಸಿದವರು ಎಂದು ದೊಡ್ಡಪ್ಪನ ಹೆಸರು. ತನ್ನ ಹೆಸರನ್ನು ಎಲ್ಲೂ ಬರೆಯುತ್ತಿರಲಿಲ್ಲ. ಬರೆಯಲು ಜಾಗವೂ ಇರಲಿಲ್ಲ.

ಅವಳ ಕೈ ನಡುಗುತ್ತಿದೆ ಎಂದು ಮೊದಲು ಕಂಡದ್ದು ಅಜ್ಜಿಗೆ. ನಮ್ಮಲ್ಲಿ ಇಷ್ಟಲಿಂಗವನ್ನು ಎಡಗೈ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತೇವೆ. ಒಂದು ಬೆಳಗ್ಗೆ ಅತ್ತೆಯ ಅಂಗೈಯಲ್ಲಿ ಲಿಂಗ ಅಲುಗತೊಡಗಿತು. ಅವಳು ಬಲಗೈಯಿಂದ ಎಡಗೈಯನ್ನು ಹಿಡಿದುಕೊಂಡಳು, ಬಲಗೈಯೂ ನಡುಗುತ್ತಿತ್ತು. ಅಜ್ಜಿ ಧಾವಿಸಿ ತಮ್ಮ ಅಂಗೈಯನ್ನು ಅವಳ ಅಂಗೈ ಕೆಳಗೆ ಒತ್ತಿ ಹಿಡಿದರು. ಆ ದಿನದಿಂದ ಪೂಜೆ ಹಾಗೇ ನಡೆಯಿತು, ಒಂದು ಕೈ ಮೇಲೆ, ಇನ್ನೊಂದು ಕೈ ಕೆಳಗೆ. ಅಜ್ಜಿ ಅದನ್ನು ಯಾರಿಗೂ ಹೇಳಲಿಲ್ಲ. ಲಿಂಗ ಕೈ ಜಾರುವಂಥ ಮಾತನ್ನು ಬಾಯಿ ಬಿಟ್ಟು ಆಡುವ ಧೈರ್ಯ ಅವರಿಗಿರಲಿಲ್ಲ. ಆಮೇಲೆ ಅತ್ತೆಗೆ ಸಾರಿನಲ್ಲಿ ತಾಮ್ರದ ರುಚಿ ಬರತೊಡಗಿತು. ಒಸಡು ಊದಿ ರಕ್ತ ಬರುತ್ತಿತ್ತು, ಬಾಯಲ್ಲಿ ಸದಾ ಜೊಲ್ಲು ತುಂಬಿ ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಳು. ನಗುನಗುತ್ತ ಇದ್ದವಳು ಬಾಗಿಲು ಬಡಿದ ಸದ್ದಿಗೆ ಬೆಚ್ಚುವಂತಾದಳು. ಮನೆಗೆ ಯಾರಾದರೂ ಬಂದರೆ ಒಳಗೆ ಓಡಿಹೋಗುತ್ತಿದ್ದಳು. ಬರೆಯುವಾಗ ನಾನು ನೋಡುತ್ತಿದ್ದರೆ, ‘ಆ ಕಡೆ ತಿರುಗು’ ಎಂದು ಗದರಿ, ಮರುಕ್ಷಣ ತಾನೇ ಅಳುತ್ತಿದ್ದಳು.

ಮದುವೆಯಾಗದ ಹೆಣ್ಣು, ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಎಂದರು ಬೀದಿಯವರು. ಮಠದಿಂದ ವಿಭೂತಿ ತಂದದ್ದಾಯಿತು. ಕೊನೆಗೆ ಹವಾ ಬದಲಾಗಲಿ ಎಂದು ತಿಪಟೂರಿನಲ್ಲಿದ್ದ ನೆಂಟರ ಮನೆಗೆ ಕಳಿಸಿದರು. ಮೂರು ತಿಂಗಳಾದ ಮೇಲೆ ಬಂದಾಗ ಅವಳ ಕೆನ್ನೆ ತುಂಬಿತ್ತು. ನನಗೆ ಎರಡು ಜಡೆ ಹಾಕಿ, ರಿಬ್ಬನ್ ಕಟ್ಟುವಾಗ ಬೆರಳು ಅಲುಗಲಿಲ್ಲ. ಮನೆಯವರೆಲ್ಲ ತಿಪಟೂರಿನ ಎಳನೀರನ್ನು ಹೊಗಳಿದರು. ಅದು ದಸರಾ ಸಮಯ. ದೊಡ್ಡಪ್ಪ ಬೆಟ್ಟದಿಂದ ಇಳಿದರು, ಎಂದಿಗಿಂತ ದೊಡ್ಡ ಕಟ್ಟುಗಳೊಡನೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ಹೂವಿನ ಕೋಣೆಗೆ ಹೋದಳು. ಸಂಕ್ರಾಂತಿ ಹೊತ್ತಿಗೆ ಎಳ್ಳು ಬೀರಲು ಕೊಟ್ಟ ತಟ್ಟೆ ಅವಳ ಕೈಯಿಂದ ಬಿದ್ದು ಅಂಗಳವೆಲ್ಲ ಎಳ್ಳು ಚೆಲ್ಲಿತು.

ಆಗ ನಮ್ಮ ರಸ್ತೆಯ ದವಾಖಾನೆಗೆ ಹೊಸದಾಗಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಬಂದಿದ್ದರು. ದೊಡ್ಡಪ್ಪ ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋದರು. ಹೊಸಬರೆಂದರೆ ಅವಳಿಗೆ ಹೆದರಿಕೆ. ಕೈ ಹಿಡಿದುಕೊಳ್ಳಲು ನಾನು ಬೇಕಾದೆ. ನನಗೆ ಹನ್ನೊಂದು ವರ್ಷ. ಡಾಕ್ಟರು ಅವಳ ಒಸಡು ನೋಡಿದರು, ಕೈ ಚಾಚಿಸಿದರು, ಕಾಗದದ ಮೇಲೆ ಒಂದು ಗೆರೆ ಎಳೆಯಲು ಹೇಳಿದರು. ಗೆರೆ ಅಲೆಅಲೆಯಾಗಿ ಹೋಯಿತು. ಅವರು ಆ ಕಾಗದವನ್ನೇ ಸ್ವಲ್ಪ ಹೊತ್ತು ನೋಡಿ ಕೇಳಿದರು: ‘ಅಮ್ಮಾ, ನೀವು ಕೈಯಲ್ಲಿ ಏನ್ ಕೆಲಸ ಮಾಡ್ತೀರಾ? ಬಣ್ಣದ್ದು, ಕೆಮಿಕಲ್ಲಿನದ್ದು, ಆ ಥರದ್ದು ಏನಾದ್ರೂ?’ ಅತ್ತೆ ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದಳು. ‘ಹೂವು ಅಂಟಿಸ್ತೀನಿ’ ಎಂದಳು. ಡಾಕ್ಟರು ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ, ‘ಹೌದು, ಒಣಗಿದ ಹೂವು. ಹವ್ಯಾಸ’ ಎಂದರು. ಆ ಪಿಂಗಾಣಿ ತಟ್ಟೆಯ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ದೊಡ್ಡವರು ಮಾತಾಡುತ್ತಿದ್ದಾರೆ, ನಾನು ಸುಮ್ಮನಿದ್ದೆ. ಡಾಕ್ಟರು ಒಂದು ಟಾನಿಕ್ ಬರೆದುಕೊಟ್ಟರು. ನಾವು ಮೂವರೂ ಎದ್ದು ಬಂದೆವು.

ಆ ಸಂಜೆ ದೊಡ್ಡಪ್ಪ ಕಾಲೇಜಿನಿಂದ ಒಂದು ದಪ್ಪ ಪುಸ್ತಕ ತಂದು ದೀಪದ ಕೆಳಗೆ ಓದುತ್ತ ಕೂತರು. ಮರುದಿನ ಬೆಳಗ್ಗೆ ತಟ್ಟೆಯಲ್ಲಿದ್ದುದನ್ನೂ ಸೀಸೆಗಳಲ್ಲಿದ್ದುದನ್ನೂ ಬಕೆಟ್ಟಿಗೆ ಸುರಿದುಕೊಂಡು, ಎಲ್ಲಿಗೋ ಒಯ್ದು ಚೆಲ್ಲಿ ಬಂದು, ಹೂವಿನ ಕೋಣೆಗೆ ಬೀಗ ಹಾಕಿದರು. ‘ಇನ್ಮೇಲೆ ಈ ಕೆಲಸ ಸಾಕು, ಮಂಗಳ. ನೀನು ರೆಸ್ಟ್ ತಗೋ’ ಎಂದರಷ್ಟೆ. ಆಮೇಲೆ ಅವಳು ದಿನವಿಡೀ ಆ ಬೀಗದ ಬಾಗಿಲ ಮುಂದೆ ಗೋಡೆಗೊರಗಿ ಕೂತಿರುತ್ತಿದ್ದಳು. ಅಮ್ಮ ಹೂ ಕಟ್ಟಲು ಕೊಟ್ಟರೆ, ಮಾರ್ಕೆಟ್ಟಿನ ಆ ಕಾಕಡ, ಕನಕಾಂಬರಗಳು ತೊಡೆಯ ಮೇಲೆ ಹಾಗೇ ಬಾಡುತ್ತಿದ್ದವು. ಕೈ ನಡುಕ ಸ್ವಲ್ಪ ಕಡಿಮೆಯಾಯಿತು ನಿಜ. ಆದರೆ ಅಷ್ಟರಲ್ಲಿ ಬೆಳಗ್ಗೆ ಏಳುವಾಗ ಅವಳ ಕಣ್ಣ ಕೆಳಗೆ ಊದಿರುತ್ತಿತ್ತು. ಆಮೇಲೆ ಕಾಲು ಊದಿತು, ಆಮೇಲೆ ಹೊಟ್ಟೆ. ದೊಡ್ಡಾಸ್ಪತ್ರೆಯವರು ಮೂತ್ರಪಿಂಡ ಎರಡೂ ಕೆಟ್ಟಿವೆ ಎಂದು ಮನೆಗೆ ಕಳಿಸಿದರು.

ಕೊನೆಯ ಸಲ ತಂದ ಕಟ್ಟಿನಲ್ಲಿ ಒದ್ದೆ ಬಂಡೆಯ ಮೇಲೆ ಬೆಳೆದಿದ್ದ ಒಂದು ಪುಟ್ಟ ಗೌರಿ ಹೂವಿನ ಜಾತಿ ಇತ್ತು. ಯಾವ ಪುಸ್ತಕದಲ್ಲೂ ಅದರ ವಿವರಣೆ ಸಿಕ್ಕಿರಲಿಲ್ಲ. ಒಂದು ಮಧ್ಯಾಹ್ನ ದೊಡ್ಡಪ್ಪ ಬಂದು ಅತ್ತೆಯ ಹಾಸಿಗೆಯ ಪಕ್ಕ ಕೂತು, ಆ ಹೂವಿಗೆ ಅವಳ ಹೆಸರಿಡುತ್ತಿದ್ದೇನೆ, ಬರೆದು ಕಳಿಸಿದ್ದೂ ಆಯಿತು ಎಂದರು. ಇಂಪೇಷನ್ಸ್ ಮಂಗಳೇ, ಲ್ಯಾಟಿನ್ನಿನಲ್ಲಿ ಮಂಗಳಳದು ಎಂದರ್ಥ. ಅತ್ತೆಯ ಊದಿದ ಮುಖದಲ್ಲಿ ನಗು ಮೂಡಲು ತುಂಬ ಹೊತ್ತು ಬೇಕಾಯಿತು. ‘ಅದರ ಬಣ್ಣ ನೀವು ಹೇಳ್ಲೇ ಇಲ್ಲ ಅಣ್ಣಯ್ಯ’ ಎಂದಳು. ‘ಬಿಳಿ. ಗಂಟಲಲ್ಲಿ ಒಂದು ಚೂರು ಗುಲಾಬಿ’ ಎಂದು ದೊಡ್ಡಪ್ಪ ಎದ್ದು ಹೋದರು. ಅದಾಗಿ ಹತ್ತು ದಿನಕ್ಕೆ ಅತ್ತೆ ಹೋದಳು. ನಮ್ಮ ಪದ್ಧತಿಯಂತೆ ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಬಿಲ್ವಪತ್ರೆಗಳೊಡನೆ ಮಣ್ಣು ಮಾಡಿದರು. ಅಂಗೈ ಈಗ ಅಲುಗುತ್ತಿರಲಿಲ್ಲ. ಹೆಂಗಸರು ಮಕ್ಕಳು ರುದ್ರಭೂಮಿಗೆ ಹೋಗಬಾರದೆಂದು ನನ್ನನ್ನು ಬಾಗಿಲಲ್ಲೇ ತಡೆದರು.

ಆ ಹೆಸರೂ ನಿಲ್ಲಲಿಲ್ಲ. ಅದು ಸಸ್ಯಶಾಸ್ತ್ರದ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಕೆಲವು ವರ್ಷಗಳ ಮೇಲೆ ತಿಳಿದವರೊಬ್ಬರು, ಅದೇ ಹೂವಿಗೆ ಬಹಳ ಹಿಂದೆಯೇ ಬೇರೊಂದು ಬೆಟ್ಟದಲ್ಲಿ ಯಾವನೋ ಬಿಳಿಯ ಅಧಿಕಾರಿಯ ಹೆಸರಿಟ್ಟಾಗಿದೆ ಎಂದು ತೋರಿಸಿಕೊಟ್ಟರು. ಸಸ್ಯಶಾಸ್ತ್ರದಲ್ಲಿ ಮೊದಲು ಇಟ್ಟ ಹೆಸರೇ ಹೆಸರು. ಆಮೇಲಿನದು ಪುಸ್ತಕದಲ್ಲಿ ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ನಡೆಯದ ಹೆಸರಾಗಿ ಉಳಿಯುತ್ತದೆ. ದೊಡ್ಡಪ್ಪ ನಿವೃತ್ತರಾಗುವಾಗ ಹಾಳೆಗಳನ್ನೆಲ್ಲ ಕಾಲೇಜಿಗೆ ಕೊಟ್ಟುಬಿಟ್ಟರು. ಹೋದ ವರ್ಷ ಅನುಮತಿ ಕೇಳಿಕೊಂಡು ನೋಡಲು ಹೋಗಿದ್ದೆ. ಅಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ಬೀರು ತೆಗೆಯುವ ಮುಂಚೆ, ‘ಗ್ಲೌಸ್ ಹಾಕ್ಕೊಳ್ಳಿ ಮೇಡಂ, ಹಳೇ ಶೀಟುಗಳಲ್ಲಿ ಪಾದರಸ ಇರತ್ತೆ’ ಎಂದಳು. ಹಾಕಿಕೊಂಡೆ. ಹಾಳೆ ತಿರುವುತ್ತ ಹೋದಂತೆ ಚೀಟಿಗಳ ದುಂಡಗಿನ ಅಕ್ಷರ ಮೊದಲು ಅಂಚಿನಲ್ಲಿ ಮುದುಡಿತು, ಆಮೇಲೆ ಗೆರೆ ಬಿಟ್ಟು ಇಳಿಯಿತು, ಕೊನೆಕೊನೆಗೆ ಮುರಿದ ಕಡ್ಡಿಗಳ ಹಾಗಾಯಿತು. ಹುಡುಗಿ, ‘ಇವರಿಗೆ ತುಂಬ ವಯಸ್ಸಾಗಿತ್ತು ಅನ್ಸತ್ತೆ, ಕೈ ನೋಡಿ ಹೇಗೆ ನಡುಗಿದೆ’ ಎಂದಳು. ‘ಮೂವತ್ನಾಲ್ಕು’ ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ದೊಡ್ಡಪ್ಪ ತಮ್ಮ ಕೊನೆಯ ವರ್ಷಗಳನ್ನು ಎನ್.ಆರ್. ಕಾಲೋನಿಯ ನನ್ನ ಮನೆಯಲ್ಲಿ ಕಳೆದರು. ಚಾಮರಾಜಪೇಟೆಯ ಮನೆ ಅಷ್ಟರಲ್ಲಿ ಬೇರೆಯವರ ಕೈಗೆ ಹೋಗಿ, ಕೆಡವಿ, ಮೂರಂತಸ್ತು ಎದ್ದಿತ್ತು. ನಮ್ಮಿಬ್ಬರ ನಡುವೆ ಅತ್ತೆಯ ಮಾತು ಒಮ್ಮೆಯೂ ಬಂದಿರಲಿಲ್ಲ. ಒಂದು ಮಧ್ಯಾಹ್ನ ಮಾತ್ರೆ ಕೊಡಲು ಹೋದಾಗ ಅವರು ನನ್ನ ಮುಖ ನೋಡದೆ ಹೇಳಿದರು: ‘ಆ ಡಾಕ್ಟರು ಕೇಳ್ದಾಗ ನಂಗೆ ಹೊಳೀತು ಉಮಾ. ಅಲ್ಲಿವರೆಗೂ ಹೊಳ್ದಿರ್ಲಿಲ್ಲ, ಆಣೆ ಮಾಡ್ತೀನಿ. ಆದ್ರೆ ಅವತ್ತು ಹೇಳ್ಬೋದಿತ್ತು. ಕಾಲೇಜಿನ ಪುಡಿ ಮನೇಗ್ ತಂದಿದೀನಿ ಅಂತ ಗೊತ್ತಾದ್ರೆ ಕೆಲಸ ಹೋಗತ್ತೆ ಅಂತ ಭಯ ಆಯ್ತು. ಮಂಗಳಂಗೆ ಗೊತ್ತಿತ್ತಾ? ನೀನು ಅವಳ ಜೊತೇಲೇ ಇರ್ತಿದ್ದೆ.’

ತೊಂಬತ್ತರ ಹತ್ತಿರದ ಮನುಷ್ಯನಿಗೆ ಇಲ್ಲ ಎನ್ನುವುದು ನನಗೆ ಕಷ್ಟವಿರಲಿಲ್ಲ. ಆದರೆ ಅತ್ತೆ ತೀರಿಕೊಳ್ಳುವ ವಾರ ನನ್ನನ್ನು ಹತ್ತಿರ ಕರೆದು, ‘ಕೈ ತೋರ್ಸು’ ಎಂದು ನನ್ನ ಎರಡೂ ಅಂಗೈಗಳನ್ನು, ಉಗುರುಗಳನ್ನು ಬೆಳಕಿಗೆ ಹಿಡಿದು ನೋಡಿದ್ದಳು. ‘ಒಂದ್ಸಲಾನೂ ಆ ತಟ್ಟೆ ಮುಟ್ಟಿಲ್ಲ ತಾನೇ?’ ಎಂದಿದ್ದಳು. ಇಲ್ಲ ಅಂದಿದ್ದೆ. ‘ನಿಂಗೆ ಗೊತ್ತಿತ್ತಾ ಅತ್ತೆ? ಮತ್ಯಾಕೆ ಡಾಕ್ಟರಿಗೆ ಹೇಳ್ಲಿಲ್ಲ?’ ಎಂದು ಅಳುತ್ತ ಕೇಳಿದ್ದೆ. ಅವಳು ನನ್ನ ಕೈ ಬಿಡದೆಯೇ ಹೇಳಿದ್ದಳು: ‘ತಿಪಟೂರಿನಲ್ಲಿ ಕೈ ನೆಟ್ಟಗಾದಾಗ್ಲೇ ತಿಳೀತು ಕಣೇ. ಹೇಳಿದ್ರೆ ಆ ಕೋಣೆ ಬಾಗಿಲು ಹಾಕ್ಬಿಡ್ತಿದ್ರು. ಆಮೇಲೆ ಈ ಮನೇಲಿ ನಾನು ಎಲ್ಲಿ ಕೂತ್ಕೊಳ್ಳಲಿ?’

ಅದನ್ನೇ ದೊಡ್ಡಪ್ಪನಿಗೆ ಹೇಳಿದೆ, ಒಂದು ಮಾತೂ ಬಿಡದೆ. ಅವರು, ‘ಎಲ್ಲಿ ಕೂತ್ಕೊಳ್ಳಲಿ ಅಂದ್ಳಾ?’ ಎಂದರು. ‘ಹೂಂ’ ಎಂದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಮತ್ತೆ ನಾಲ್ಕು ತಿಂಗಳು ಇದ್ದರು. ಆ ಮಾತು ಎತ್ತಲಿಲ್ಲ. ಹೇಳಬಾರದಿತ್ತೇನೋ ಎಂದು ನನಗೆ ಈಗಲೂ ಅನಿಸುತ್ತದೆ. ಹನ್ನೊಂದನೆಯ ವಯಸ್ಸಿನಲ್ಲಿ ಸುಮ್ಮನಿದ್ದುದಕ್ಕೆ ಅಷ್ಟು ವಯಸ್ಸಾದ ಅವರಿಂದ ಲೆಕ್ಕ ತೀರಿಸಿಕೊಂಡೆನೋ ಏನೋ.

ಅವರು ಹೋದಾಗ, ಅತ್ತೆಯನ್ನು ಮಣ್ಣು ಮಾಡಿದ ರುದ್ರಭೂಮಿಗೇ ಒಯ್ದೆವು. ಈ ಸಲ ನಾನು ಯಾರನ್ನೂ ಕೇಳದೆ ಹೊರಟೆ, ಯಾರೂ ತಡೆಯಲಿಲ್ಲ. ಅವಳ ಪಕ್ಕದಲ್ಲೇ ಜಾಗ ಸಿಕ್ಕರೆ ಎಂದು ಆಸೆಯಾಗಿ, ಅಲ್ಲಿ ನೋಡಿಕೊಳ್ಳುವವರನ್ನು ಕೇಳಿದೆ. ಅಷ್ಟು ಹಳೆಯ ಗುರುತು ಯಾವುದೂ ಈಗಿಲ್ಲ, ಕಲ್ಲುಗಳನ್ನೆಲ್ಲ ತೆಗೆದು ಎಷ್ಟೋ ಸಲ ಹೊಸಬರಿಗೆ ಜಾಗ ಮಾಡಿದ್ದಾಗಿದೆ ಎಂದರು. ಸುತ್ತ ಒಮ್ಮೆ ನಡೆದು ನೋಡಿದೆ. ಬಿಸಿಲು, ಕಾಂಪೌಂಡಿನ ಆಚೆ ಬಸ್ಸುಗಳ ಸದ್ದು, ಎಲ್ಲ ಕಡೆ ಒಂದೇ ಥರದ ಮಣ್ಣು. ಬೇವಿನ ಮರದ ಹತ್ತಿರ ಖಾಲಿ ಇದ್ದ ಕಡೆ ಅವರನ್ನು ಕೂರಿಸಿದೆವು. ಅಣ್ಣ ತಂಗಿ ಇಬ್ಬರೂ ಅದೇ ಆವರಣದಲ್ಲಿದ್ದಾರೆ. ಒಬ್ಬರಿಗೊಬ್ಬರು ಎಷ್ಟು ದೂರದಲ್ಲಿ ಎಂದು ಹೇಳಬಲ್ಲವರು ಯಾರೂ ಉಳಿದಿಲ್ಲ.